ಬಳ್ಳಿಗಾವಿ ಪ್ರವಾಸ: ರೈಲು ಟಿಕೆಟ್ ಮತ್ತು ಪಾಸ್‌ಗಳ ಆಯ್ಕೆ

ಬಳ್ಳಿಗಾವಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಗ್ರಾಮ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾಸಿರ ಪ್ರಾಂತ್ಯಕ್ಕೆ ರಾಜಧಾನಿಯಾಗಿದ್ದ ಊರು, ಅಲ್ಲಮಪ್ರಭುವಿನ ಜನ್ಮಸ್ಥಳ. ಇಂದು ಇಲ್ಲಿಗೆ ರೈಲಿಲ್ಲ. ತಾಲ್ಲೂಕು ಕೇಂದ್ರ ಶಿಕಾರಿಪುರಕ್ಕೂ ಇಲ್ಲ, ನೆರೆಯ ಸೊರಬಕ್ಕೂ ಇಲ್ಲ. ಆದರೂ ಈ ಎರಡು ತಾಲ್ಲೂಕುಗಳನ್ನು ನೋಡಬೇಕೆಂದು ದೂರದಿಂದ ಹೊರಡುವವರಲ್ಲಿ ಬಹಳ ಮಂದಿ ರೈಲಿನಲ್ಲೇ ಬರುತ್ತಾರೆ, ಏಕೆಂದರೆ ಎರಡು ರೈಲು ಮಾರ್ಗಗಳು ಈ ಸೀಮೆಯ ಎರಡು ಮಗ್ಗುಲಲ್ಲಿ ಹಾದುಹೋಗಿವೆ. ದಕ್ಷಿಣ ಮತ್ತು ಪಶ್ಚಿಮದ ಕಡೆ ಬೀರೂರು–ಶಿವಮೊಗ್ಗ–ತಾಳಗುಪ್ಪ ಮಾರ್ಗ, ಈಶಾನ್ಯದ ಕಡೆ ಬೆಂಗಳೂರು–ಹುಬ್ಬಳ್ಳಿ ಮಾರ್ಗ. ಯಾವ ನಿಲ್ದಾಣದಲ್ಲಿ ಇಳಿಯಬೇಕು, ಯಾವ ನಿಲ್ದಾಣದಿಂದ ಹಿಂದಿರುಗಬೇಕು, ಒಂದೇ ಟಿಕೆಟ್ ಸಾಕೇ, ಎರಡು ಬೇಕೇ, ಚಕ್ರಾಕಾರದ ಟಿಕೆಟ್ ಲಾಭವೇ ಎಂಬ ಪ್ರಶ್ನೆಗಳು ಇಲ್ಲಿ ಏಳುತ್ತವೆ. ಯುರೋಪಿಗೆ ಹೊರಟ ಪ್ರವಾಸಿ ಯುರೇಲ್ ಪಾಸ್ ಕೊಳ್ಳಬೇಕೋ ಬಿಡಬೇಕೋ ಎಂದು ಕೂತು ಹಾಕುವ ಲೆಕ್ಕಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ. ಎರಡರಲ್ಲೂ ಮೊದಲು ನಿಶ್ಚಯವಾಗಬೇಕಾದ್ದು ನೋಡುವ ಜಾಗಗಳು; ಟಿಕೆಟ್ಟು ಅದರ ಬೆನ್ನಿಗೆ ಬರಬೇಕು. ಕಡಿಮೆ ದರದ ಟಿಕೆಟ್ ಸಿಕ್ಕಿತೆಂದು ಅದಕ್ಕೆ ಊರುಗಳನ್ನು ಹೊಂದಿಸಲು ಹೋದವರು ಸಾಮಾನ್ಯವಾಗಿ ನೋಡಬೇಕಾದ್ದನ್ನೇ ಬಿಟ್ಟು ಬರುತ್ತಾರೆ.

ನೋಡುವ ಜಾಗಗಳು

ಬಳ್ಳಿಗಾವಿಯನ್ನು ಅರ್ಧ ದಿನದಲ್ಲಿ ನೋಡಿ ಮುಗಿಸಬಹುದೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಮೂರು ಗರ್ಭಗೃಹಗಳ ಕೇದಾರೇಶ್ವರ ದೇವಾಲಯವೊಂದಕ್ಕೇ ಬೆಳಗಿನ ಹೊತ್ತು ಬೇಕು. ತ್ರಿಪುರಾಂತಕ ದೇವಾಲಯದ ಜಾಲಂಧ್ರಗಳನ್ನೂ ಹೊರಗೋಡೆಯ ಕೆಳಪಟ್ಟಿಕೆಯಲ್ಲಿ ಕೊರೆದ ಪಂಚತಂತ್ರದ ಕಥಾಚಿತ್ರಗಳನ್ನೂ ಬಗ್ಗಿ, ಕುಳಿತು ನೋಡಬೇಕು. ನಿಂತು ನೋಡಿದರೆ ಕಾಣುವುದಿಲ್ಲ. 1047ರಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯ ನಿಲ್ಲಿಸಿದ ಗಂಡಭೇರುಂಡ ಸ್ತಂಭ ಊರಿನೊಳಗೇ ಇದೆ. ಈ ನಾಡಿನ ಶಾಸನಗಳಲ್ಲಿ ಭೂಮಿ ಅಳೆಯಲು ಭೇರುಂಡಗಳೆ ಎಂಬ ಅಳತೆಗೋಲಿನ ಪ್ರಸ್ತಾಪ ಬರುತ್ತದೆ. ಅದನ್ನು ಓದಿಕೊಂಡು ಬಂದವರಿಗೆ ಈ ಕಂಬ ಬರಿಯ ಕಂಬವಾಗಿ ಉಳಿಯುವುದಿಲ್ಲ. ಐದು ಮಠ, ಮೂರು ಪುರ, ಏಳು ಬ್ರಹ್ಮಪುರಿಗಳಿದ್ದ ಊರೆಂದು ಶಾಸನಗಳು ಬಳ್ಳಿಗಾವಿಯನ್ನು ವರ್ಣಿಸುತ್ತವೆ. ಕಾಳಾಮುಖ ಶೈವ ಗುರುಗಳ ಕೋಡಿಯ ಮಠದ 1162ರ ಶಾಸನ ಅಲ್ಲಿ ನಡೆಯುತ್ತಿದ್ದ ವೇದ, ವ್ಯಾಕರಣ, ದರ್ಶನಗಳ ಪಾಠವನ್ನು ಹೇಳುವುದರ ಜೊತೆಗೆ ಬಡವರಿಗೆ, ಕುಂಟರಿಗೆ, ಕುರುಡರಿಗೆ, ಬೇರೆ ಬೇರೆ ನಾಡುಗಳಿಂದ ಬಂದ ಭಿಕ್ಷುಗಳಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುತ್ತಿದ್ದುದನ್ನೂ ಹೇಳುತ್ತದೆ. ದೂರದ ದಾರಿ ನಡೆದು ಬಂದವರನ್ನು ಹೀಗೆ ನೋಡಿಕೊಂಡ ಊರು ಎಂಬ ಕಾರಣಕ್ಕೇ ಪ್ರವಾಸದ ಬಗೆಗಿನ ಲೇಖನದಲ್ಲಿ ಆ ಶಾಸನಕ್ಕೆ ಜಾಗ ಸಲ್ಲಬೇಕು.

ಸುತ್ತಮುತ್ತ ಇನ್ನಷ್ಟಿದೆ. ಹತ್ತಿರದಲ್ಲೇ ಅಕ್ಕಮಹಾದೇವಿಯ ಉಡುತಡಿ. ಶಿರಾಳಕೊಪ್ಪದ ಆಸುಪಾಸಿನಲ್ಲಿ ತಾಳಗುಂದ: ಪ್ರಣವೇಶ್ವರ ದೇವಾಲಯದ ಎದುರಿನ ಕಂಬದಲ್ಲಿ ಕದಂಬರ ವಂಶದ ಕಥೆಯನ್ನು ಕವಿ ಕುಬ್ಜ ಸಂಸ್ಕೃತದಲ್ಲಿ ಬರೆದಿದ್ದಾನೆ. ಅದೇ ಆವರಣದಲ್ಲಿ ದೊರೆತ ಸಿಂಹ ಕಟಾಂಜನದ ಶಾಸನವನ್ನು ಪುರಾತತ್ವಜ್ಞರು ಕ್ರಿ.ಶ. 370ರದೆಂದು ಗುರುತಿಸಿದ ಮೇಲೆ ಕನ್ನಡದ ಅತಿ ಹಳೆಯ ಶಾಸನದ ಚರ್ಚೆ ಹಲ್ಮಿಡಿಯಿಂದ ಈ ಕಡೆಗೆ ತಿರುಗಿತು. ಬಂದಳಿಕೆಯ ದೇವಾಲಯ ಸಮೂಹವೂ ಶಿಕಾರಿಪುರ ತಾಲ್ಲೂಕಿನದೇ. ಸೊರಬ ತಾಲ್ಲೂಕಿನಲ್ಲಿ ಆನವಟ್ಟಿ ಬಳಿಯ ಕುಬಟೂರಿನ ಕೈಟಭೇಶ್ವರ, ಚಂದ್ರಗುತ್ತಿಯ ರೇಣುಕಾಂಬೆ, ಮಳೆಗಾಲದಲ್ಲಿ ಹಕ್ಕಿಗಳಿಂದ ತುಂಬುವ ಗುಡವಿ ಪಕ್ಷಿಧಾಮ ಇವೆ. ಸೊರಬ, ಸಾಗರಗಳ ಗುಡಿಗಾರರ ಶ್ರೀಗಂಧದ ಕೆತ್ತನೆ ನಾಡಿನಾಚೆಗೂ ಹೆಸರಾದದ್ದು. ತಾಲ್ಲೂಕಿನ ಗಡಿ ದಾಟಿದರೆ ಶಿರಸಿ ತಾಲ್ಲೂಕಿನ ಬನವಾಸಿ. ಸಾಗರದ ಪಕ್ಕ ಇಕ್ಕೇರಿ, ಕೆಳದಿ. ಹಾವೇರಿ ಜಿಲ್ಲೆಯ ಕಡೆ ಹಾನಗಲ್ಲಿನ ತಾರಕೇಶ್ವರ, ರಟ್ಟೀಹಳ್ಳಿಯ ಕದಂಬೇಶ್ವರ. ಇಷ್ಟನ್ನು ನಕ್ಷೆಯ ಮೇಲೆ ಇಟ್ಟು ನೋಡಿದರೆ ಒಂದು ಸಂಗತಿ ತಾನಾಗಿ ಕಾಣುತ್ತದೆ. ಜಾಗಗಳೆಲ್ಲ ಸಾಗರದಿಂದ ಹಾವೇರಿಯವರೆಗೆ ಒಂದು ಪಟ್ಟಿಯಾಗಿ ಹರಡಿವೆ, ಬಳ್ಳಿಗಾವಿ ಆ ಪಟ್ಟಿಯ ನಡುವೆ ಕೂತಿದೆ. ಬಂದ ದಾರಿಯಲ್ಲೇ ಹಿಂದಿರುಗುವ ಟಿಕೆಟ್ ಕೊಂಡವರಿಗೆ ಈ ಪಟ್ಟಿಯ ಅರ್ಧ ಭಾಗ ತಪ್ಪಿಹೋಗುತ್ತದೆ.

ತಾಳಗುಪ್ಪ ಮಾರ್ಗ

ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್‌ಗೇಜ್ ರೈಲು ಬಂದದ್ದು 1899ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ. ಮುಂದೆ ಅದು ಕಾಡಿನ ನಡುವೆ ಕುಂಸಿ, ಅರಸಾಳು, ಆನಂದಪುರ, ಸಾಗರಗಳನ್ನು ದಾಟಿ ಜೋಗದ ಹಾದಿಯಲ್ಲಿರುವ ತಾಳಗುಪ್ಪದವರೆಗೆ ಬೆಳೆಯಿತು. ಮಲೆನಾಡಿನ ಮರಮಟ್ಟು ಹೊರಗೆ ಹೋಗಲು, ಜೋಗಕ್ಕೆ ಬರುವವರ ಅನುಕೂಲಕ್ಕೆ ಈ ಹಳಿ ಒದಗಿತು. ತಾಳಗುಪ್ಪದಿಂದ ಜೋಗ ಸುಮಾರು 15 ಕಿ.ಮೀ. ಮೀಟರ್‌ಗೇಜ್‌ನ ಕೊನೆಯ ವರ್ಷಗಳಲ್ಲಿ ಇಲ್ಲಿ ರೈಲ್‌ಬಸ್ ಓಡುತ್ತಿತ್ತು: ಬಸ್ಸಿನಂಥ ಒಂದೇ ಬೋಗಿ, ಅದರಲ್ಲೇ ಎಂಜಿನ್. ಕಾಡಿನ ನಿಲ್ದಾಣಗಳಲ್ಲಿ ಕೈಬೀಸಿ ಹತ್ತಿದ ನೆನಪನ್ನು ಈ ಭಾಗದ ಹಿರಿಯರು ಇಂದಿಗೂ ಹೇಳುತ್ತಾರೆ. ಹಳಿಯನ್ನು ಬ್ರಾಡ್‌ಗೇಜ್‌ಗೆ ಬದಲಿಸುವ ಕೆಲಸ ಮುಗಿದು 2011ರ ಹೊತ್ತಿಗೆ ರೈಲು ಮತ್ತೆ ತಾಳಗುಪ್ಪ ಮುಟ್ಟಿತು. ಆ ಮೇಲೆ ಬೆಂಗಳೂರು, ಮೈಸೂರುಗಳಿಂದ ಗಾಡಿ ಬದಲಿಸದೆ ಸಾಗರಕ್ಕೆ ಬರುವುದು ಸಾಧ್ಯವಾಯಿತು. ತಾಳಗುಪ್ಪದಿಂದ ಹೊನ್ನಾವರಕ್ಕೆ ಹಳಿ ಹಾಕಬೇಕೆಂಬ ಬೇಡಿಕೆ ಹಳೆಯದು. ಘಟ್ಟ ಇಳಿಯುವ ಕಾಡು ಅಡ್ಡವಿದೆ.

ಈ ಮಾರ್ಗದ ಅರಸಾಳು ನಿಲ್ದಾಣವನ್ನು ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ ಶಂಕರ್‌ನಾಗ್ ನಿರ್ದೇಶಿಸಿದ 1986ರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಮಾಲ್ಗುಡಿ ನಿಲ್ದಾಣವಾಗಿ ತೋರಿಸಲಾಗಿತ್ತು. ನೈರುತ್ಯ ರೈಲ್ವೆ ಆ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಗಿ ತೆರೆಯಿತು. ಎಕ್ಸ್‌ಪ್ರೆಸ್ ಗಾಡಿಗಳೆಲ್ಲ ಇಲ್ಲಿ ನಿಲ್ಲುವುದಿಲ್ಲ; ಅರಸಾಳು ನೋಡಲೇಬೇಕೆನ್ನುವವರು ಟಿಕೆಟ್ ಮಾಡಿಸುವ ಮೊದಲು ನಿಲುಗಡೆಯನ್ನು ವೇಳಾಪಟ್ಟಿಯಲ್ಲಿ ನೋಡಿಕೊಳ್ಳಬೇಕು.

ಬಳ್ಳಿಗಾವಿಗೆ ಹೋಗಲು ಈ ಮಾರ್ಗದಲ್ಲಿ ಇಳಿಯಬಹುದಾದ ನಿಲ್ದಾಣಗಳು ಎರಡು. ಮೊದಲನೆಯದು ಶಿವಮೊಗ್ಗ ಟೌನ್. ಇಲ್ಲಿಂದ ಶಿಕಾರಿಪುರ ಸುಮಾರು 50 ಕಿ.ಮೀ., ಅಲ್ಲಿಂದ ಶಿರಾಳಕೊಪ್ಪದ ದಾರಿಯಲ್ಲಿ ಬಳ್ಳಿಗಾವಿಗೆ ಇನ್ನು 20 ಕಿ.ಮೀ.ಗಿಂತ ತುಸು ಹೆಚ್ಚು. ಬೆಂಗಳೂರಿನಿಂದ ಬರುವ ಗಾಡಿಗಳ ಸಂಖ್ಯೆ ಹೆಚ್ಚು, ಬಸ್ಸುಗಳೂ ಹೆಚ್ಚು. ಎರಡನೆಯದು ಸಾಗರ ಜಂಬಗಾರು. ಇದು ಸೊರಬದ ಕಡೆಯಿಂದ ಪ್ರವಾಸ ಆರಂಭಿಸುವವರಿಗೆ ಹೇಳಿಮಾಡಿಸಿದ್ದು. ಮೈಸೂರಿನಿಂದ ಬೆಂಗಳೂರಿನ ಮೂಲಕ ಬರುವ ರಾತ್ರಿ ಗಾಡಿಯಲ್ಲಿ ಮಲಗಿದರೆ ಬೆಳಿಗ್ಗೆ ಸಾಗರ. ಸ್ನಾನ, ತಿಂಡಿ ಮುಗಿಸಿ ಇಕ್ಕೇರಿ ಅಥವಾ ಕೆಳದಿ ನೋಡಿ ಮಧ್ಯಾಹ್ನಕ್ಕೆ ಸೊರಬ ಸೇರಬಹುದು. ಒಂದು ಹಗಲು ಉಳಿಯುತ್ತದೆ, ಒಂದು ರಾತ್ರಿಯ ಲಾಡ್ಜ್ ಖರ್ಚೂ ಉಳಿಯುತ್ತದೆ. ಎಲ್ಲರೂ ಶಿವಮೊಗ್ಗದಲ್ಲೇ ಇಳಿಯುವ ರೂಢಿ ಇದ್ದರೂ, ಕೇವಲ ಬಳ್ಳಿಗಾವಿಯನ್ನಲ್ಲದೆ ಇಡೀ ಸೀಮೆಯನ್ನು ನೋಡಬೇಕೆನ್ನುವವರಿಗೆ ಸಾಗರವೇ ಮೇಲು.

ಹುಬ್ಬಳ್ಳಿ ಮಾರ್ಗ

ಬೆಂಗಳೂರು–ಹುಬ್ಬಳ್ಳಿ ಮಾರ್ಗದ ರಾಣೆಬೆನ್ನೂರು ಮತ್ತು ಹಾವೇರಿ ಈ ಸೀಮೆಯ ಇನ್ನೊಂದು ಬಾಗಿಲು. ಉತ್ತರ ಕರ್ನಾಟಕದವರಿಗೆ, ಮುಂಬಯಿ, ಪುಣೆಗಳ ಕನ್ನಡಿಗರಿಗೆ ಇದೇ ಹತ್ತಿರ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಂಥ ರಾತ್ರಿ ಗಾಡಿಗಳು ಎರಡೂ ಕಡೆ ನಿಲ್ಲುತ್ತವೆ. ರಾಣೆಬೆನ್ನೂರಿನಿಂದ ಮಾಸೂರಿನ ಮೂಲಕ ಶಿಕಾರಿಪುರಕ್ಕೆ, ಹಾವೇರಿಯಿಂದ ಹಾನಗಲ್ಲು, ಆನವಟ್ಟಿಗಳ ಮೂಲಕ ಸೊರಬ ಅಥವಾ ಶಿರಾಳಕೊಪ್ಪಕ್ಕೆ ಬಸ್ಸು ಹಿಡಿಯಬೇಕು. ಹಾವೇರಿಯಲ್ಲಿ ಇಳಿದವರು ಬಸ್‌ಸ್ಟ್ಯಾಂಡಿಗೆ ಹೋಗುವ ಮೊದಲು ಪುರದ ಸಿದ್ದೇಶ್ವರ ದೇವಾಲಯವನ್ನು ನೋಡಿ ಹೋದರೆ ಒಳ್ಳೆಯದು. ಚಾಲುಕ್ಯ ಶೈಲಿಯ ಪರಿಚಯ ಅಲ್ಲೇ ಆಗಿಬಿಟ್ಟರೆ ಬಳ್ಳಿಗಾವಿಯಲ್ಲಿ ಕಣ್ಣು ಬೇಗ ಹೊಂದಿಕೊಳ್ಳುತ್ತದೆ.

ಭಾರತೀಯ ರೈಲ್ವೆಯ ಟಿಕೆಟ್ ಬಗೆಗಳು

ಇಷ್ಟು ದಿನ ಎಲ್ಲಿ ಬೇಕಾದರೂ ಓಡಾಡಿ ಎನ್ನುವ ಪಾಸ್ ಭಾರತೀಯ ರೈಲ್ವೆಯಲ್ಲಿ ಇಂದು ಪ್ರವಾಸಿಗಳಿಗೆ ಸಿಗುವುದಿಲ್ಲ. ಒಂದು ಕಾಲಕ್ಕೆ ಇಂಡ್‌ರೇಲ್ ಪಾಸ್ ಇತ್ತು. ಅರ್ಧ ದಿನದಿಂದ 90 ದಿನಗಳವರೆಗಿನ ಅವಧಿಗೆ ಡಾಲರ್ ಲೆಕ್ಕದಲ್ಲಿ ವಿದೇಶಿ ಪ್ರವಾಸಿಗಳಿಗೂ ಅನಿವಾಸಿ ಭಾರತೀಯರಿಗೂ ಮಾರುತ್ತಿದ್ದ ಅದನ್ನು 2017ರಲ್ಲಿ ನಿಲ್ಲಿಸಲಾಯಿತು. ದೇಶದೊಳಗಿನವರಿಗೆ ಅದು ಎಂದೂ ಇರಲಿಲ್ಲ. ನಿಂತುಹೋದದ್ದು ನಷ್ಟವೇ. ರಜೆಗೆ ಬಂದ ಅನಿವಾಸಿ ಕನ್ನಡಿಗ ಕುಟುಂಬ ಅದೊಂದನ್ನು ಹಿಡಿದು ಮೈಸೂರಿನಿಂದ ಬೀದರಿನವರೆಗೆ ಸುತ್ತಬಹುದಾಗಿತ್ತು.

ಉಳಿದಿರುವ ಬಗೆಗಳಲ್ಲಿ ಪ್ರವಾಸಿಗೆ ಒದಗುವುದು ಮೂರು. ಅವುಗಳನ್ನು ತಿಳಿಯಲು ರೈಲು ದರದ ಒಂದು ಗುಣವನ್ನು ತಿಳಿದಿರಬೇಕು: ದೂರ ಹೆಚ್ಚಿದಂತೆ ಕಿಲೋಮೀಟರೊಂದಕ್ಕೆ ಬೀಳುವ ದರ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಒಂದು ಉದ್ದನೆಯ ಪ್ರಯಾಣವನ್ನು ಎರಡು ಮೂರು ಟಿಕೆಟ್ಟಾಗಿ ತುಂಡು ಮಾಡಿದರೆ ಒಟ್ಟು ಹಣ ಹೆಚ್ಚಾಗುತ್ತದೆ. ಬೆಂಗಳೂರಿನಿಂದ ತಾಳಗುಪ್ಪಕ್ಕೆ ಒಂದೇ ಟಿಕೆಟ್ ಕೊಳ್ಳುವುದಕ್ಕಿಂತ ಶಿವಮೊಗ್ಗದವರೆಗೊಂದು, ಅಲ್ಲಿಂದ ಮುಂದಕ್ಕೊಂದು ಕೊಳ್ಳುವುದು ದುಬಾರಿ.

ಮೊದಲನೆಯದು, ಸಾಮಾನ್ಯ ಟಿಕೆಟ್ಟಿನಲ್ಲೇ ನಡುವೆ ಇಳಿದು ಮುಂದುವರಿಯುವ ಅವಕಾಶ. ಆದರೆ ಪ್ರಯಾಣದ ದೂರ 500 ಕಿ.ಮೀ. ಮೀರಿರಬೇಕು, ಮೊದಲ ಇಳಿತವೂ 500 ಕಿ.ಮೀ. ಸಾಗಿದ ಮೇಲೆಯೇ ಆಗಬೇಕು. 1000 ಕಿ.ಮೀ.ವರೆಗಿನ ಟಿಕೆಟ್ಟಿಗೆ ಒಂದು ಇಳಿತ, ಅದಕ್ಕಿಂತ ದೂರಕ್ಕೆ ಎರಡು. ಪ್ರತಿ ಇಳಿತಕ್ಕೆ ಎರಡು ದಿನಗಳ ಮಿತಿ. ಇಳಿದ ನಿಲ್ದಾಣದಲ್ಲಿ ಟಿಕೆಟ್ಟಿನ ಮೇಲೆ ಬರೆಸಿಕೊಳ್ಳಬೇಕು. ಬೆಂಗಳೂರಿನಿಂದ ತಾಳಗುಪ್ಪಕ್ಕೆ 400 ಕಿ.ಮೀ.ಗೂ ಕಡಿಮೆಯಾದ್ದರಿಂದ ಈ ಸವಲತ್ತು ಬೆಂಗಳೂರಿನವರಿಗೆ ದಕ್ಕುವುದಿಲ್ಲ. ಮುಂಬಯಿಯ ಕನ್ನಡಿಗರಿಗೆ ದಕ್ಕುತ್ತದೆ. ಕೊಂಕಣ ರೈಲಿನಲ್ಲಿ ಹೊನ್ನಾವರಕ್ಕೆ ಟಿಕೆಟ್ ಮಾಡಿಸಿದವರು ಮಡಗಾಂವಿನಲ್ಲಿ ಇಳಿದು ಗೋವಾ ನೋಡಿ ಅದೇ ಟಿಕೆಟ್ಟಿನಲ್ಲಿ ಮುಂದುವರಿಯಬಹುದು. ಹೊನ್ನಾವರದಿಂದ ಗೇರುಸೊಪ್ಪೆ, ಜೋಗಗಳ ದಾರಿಯಲ್ಲಿ ಬಸ್ಸು ಘಟ್ಟ ಹತ್ತಿ ಸಾಗರ ಸೇರುತ್ತದೆ. ಆ ಮಳೆಕಾಡಿನ ದಾರಿಗಾಗಿಯೇ ಈ ಮಾರ್ಗವನ್ನು ಆರಿಸಿಕೊಳ್ಳಬಹುದು. ಮುಂದಿನ ಭಾಗದ ಸೀಟನ್ನು ಕಾಯ್ದಿರಿಸಬೇಕಾದ್ದರಿಂದ ಇಂಥ ಟಿಕೆಟ್ಟನ್ನು ಮೊಬೈಲಿನಲ್ಲಿ ಮಾಡಿಸುವ ಬದಲು ಕೌಂಟರಿನಲ್ಲಿ ಕೇಳಿ ಮಾಡಿಸುವುದು ಕ್ಷೇಮ.

ಎರಡನೆಯದು ಚಕ್ರಾಕಾರದ ಪ್ರಯಾಣದ ಟಿಕೆಟ್. ಯುರೋಪಿನ ಪಾಸ್‌ಗೆ ನಮ್ಮಲ್ಲಿ ಅತಿ ಹತ್ತಿರದ ನೆಂಟ ಇದೇ, ಮತ್ತು ಇದನ್ನು ಬಲ್ಲವರು ತೀರ ಕಡಿಮೆ. ಹೊರಟ ನಿಲ್ದಾಣಕ್ಕೇ ಬಂದು ಮುಗಿಯುವ ಸುತ್ತಿಗೆ ಒಂದೇ ಟಿಕೆಟ್ ಕೊಡಲಾಗುತ್ತದೆ, ಗರಿಷ್ಠ ಎಂಟು ಕಡೆ ಇಳಿಯಬಹುದು. ಇಡೀ ಸುತ್ತನ್ನು ಎರಡು ಉದ್ದನೆಯ ಪ್ರಯಾಣಗಳೆಂದು ಎಣಿಸಿ ದರ ಹಾಕುವುದರಿಂದ ಬಿಡಿ ಟಿಕೆಟ್ಟುಗಳ ಮೊತ್ತಕ್ಕಿಂತ ಸಾಕಷ್ಟು ಕಡಿಮೆ ಬೀಳುತ್ತದೆ. ಅವಧಿಯನ್ನು ಪ್ರಯಾಣಕ್ಕೆ 400 ಕಿ.ಮೀ.ಗೆ ಒಂದು ದಿನ, ತಂಗುವುದಕ್ಕೆ 200 ಕಿ.ಮೀ.ಗೆ ಒಂದು ದಿನ ಎಂಬ ಲೆಕ್ಕದಲ್ಲಿ ಕೊಡುತ್ತಾರೆ. ಮಾರ್ಗವನ್ನು ಬರೆದು ರೈಲ್ವೆಯ ವಾಣಿಜ್ಯ ವಿಭಾಗಕ್ಕೆ ಅರ್ಜಿ ಕೊಟ್ಟು, ಟಿಕೆಟ್ ಕೈಗೆ ಬಂದ ಮೇಲೆ ಪ್ರತಿ ಹಂತಕ್ಕೂ ಬೇರೆಬೇರೆಯಾಗಿ ಸೀಟು ಕಾಯ್ದಿರಿಸಬೇಕು. ಈ ಓಡಾಟಕ್ಕೆ ತಾಳ್ಮೆ ಬೇಕು.

ಕರ್ನಾಟಕದಲ್ಲಿ ಇದಕ್ಕೆ ಒಪ್ಪುವ ಒಂದು ಸುತ್ತು ನಕ್ಷೆಯಲ್ಲೇ ಸಿದ್ಧವಾಗಿದೆ: ಬೆಂಗಳೂರು, ಅರಸೀಕೆರೆ, ಬೀರೂರು, ಹರಿಹರ, ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ, ಗುಂತಕಲ್ಲು, ಮತ್ತೆ ಬೆಂಗಳೂರು. ಹೆಚ್ಚು ಕಡಿಮೆ 1000 ಕಿ.ಮೀ. ಹಾವೇರಿಯಲ್ಲಿ ಇಳಿದು ಬಳ್ಳಿಗಾವಿ, ಬನವಾಸಿ, ಗದಗದಲ್ಲಿ ಇಳಿದು ತ್ರಿಕೂಟೇಶ್ವರ, ಲಕ್ಕುಂಡಿ, ಕೊಪ್ಪಳದಲ್ಲಿ ಇಳಿದು ಇಟಗಿಯ ಮಹಾದೇವ ದೇವಾಲಯ, ಹೊಸಪೇಟೆಯಲ್ಲಿ ಹಂಪಿ. ಕಲ್ಯಾಣ ಚಾಲುಕ್ಯರ ಶಿಲ್ಪವನ್ನು ಕ್ರಮವಾಗಿ ನೋಡಬೇಕೆನ್ನುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಸುತ್ತು ಇಲ್ಲ. ಬಳ್ಳಿಗಾವಿಯೊಂದಕ್ಕೇ ಬರುವವರಿಗೆ ಈ ಟಿಕೆಟ್ ವ್ಯರ್ಥ, ಏಕೆಂದರೆ ತಾಳಗುಪ್ಪ ಕೊನೆಯ ನಿಲ್ದಾಣ, ಅಲ್ಲಿಂದ ಹಳಿ ಮುಂದಕ್ಕೆ ಹೋಗಿ ಸುತ್ತು ಕೂಡುವುದಿಲ್ಲ.

ಹಾಗಾದರೆ ಬಳ್ಳಿಗಾವಿಗೆ ಬರುವವರಿಗೆ ಉಳಿದದ್ದು ಮೂರನೆಯ ಬಗೆ, ಅತಿ ಸರಳವಾದದ್ದು: ಎರಡು ಬಿಡಿ ಟಿಕೆಟ್. ಸಾಗರಕ್ಕೆ ಒಂದು, ಹಾವೇರಿ ಅಥವಾ ರಾಣೆಬೆನ್ನೂರಿನಿಂದ ಹಿಂದಕ್ಕೆ ಒಂದು. ಹೋಗಿಬರುವ ಟಿಕೆಟ್ಟನ್ನು ಒಂದೇ ನಿಲ್ದಾಣಕ್ಕೆ ಮಾಡಿಸುವುದರಿಂದ ಇಲ್ಲಿ ಯಾವ ರಿಯಾಯಿತಿಯೂ ಸಿಗುವುದಿಲ್ಲವಾದ್ದರಿಂದ ಎರಡು ಬೇರೆ ನಿಲ್ದಾಣಗಳನ್ನು ಬಳಸಿದರೆ ನಷ್ಟವೇನೂ ಇಲ್ಲ. 2024ರ ನವೆಂಬರ್‌ನಿಂದ ಮುಂಗಡ ಕಾಯ್ದಿರಿಸುವ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ದಸರಾ ರಜೆಗೆ, ವರ್ಷದ ಕೊನೆಯ ಜೋಗದ ದಟ್ಟಣೆಗೆ ತಾಳಗುಪ್ಪ ಗಾಡಿಯ ಸ್ಲೀಪರ್ ಬೇಗ ತುಂಬುತ್ತದೆ, ಮೊದಲು ಆ ಟಿಕೆಟ್ಟನ್ನೇ ಮಾಡಿಸಬೇಕು. ಹಾವೇರಿ ಕಡೆ ಗಾಡಿಗಳು ಹೆಚ್ಚಿರುವುದರಿಂದ ಅದನ್ನು ಆಮೇಲೆ ನೋಡಿಕೊಳ್ಳಬಹುದು. ಹಿರಿಯ ನಾಗರಿಕರಿಗಿದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಿದ್ದು ಮರಳಿ ಬಂದಿಲ್ಲ. ಇಂಥ ಪ್ರವಾಸಗಳಲ್ಲಿ ಹೆಚ್ಚು ಆಸಕ್ತಿಯಿಂದ ಬರುವವರು ನಿವೃತ್ತರೇ ಆಗಿರುವಾಗ ಆ ರಿಯಾಯಿತಿ ಮತ್ತೆ ಬರಬೇಕೆಂಬುದು ನ್ಯಾಯವಾದ ಕೋರಿಕೆ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಐದರಿಂದ ಹನ್ನೆರಡರೊಳಗಿನವರಿಗೆ ಬರ್ತ್ ಬೇಕೆಂದರೆ 2016ರಿಂದ ಪೂರ್ತಿ ದರ.

ತಿಂಗಳ ಸೀಸನ್ ಟಿಕೆಟ್ 150 ಕಿ.ಮೀ.ವರೆಗಿನ ನಿತ್ಯ ಓಡಾಟಕ್ಕೆ. ಸಾಗರದಿಂದ ಶಿವಮೊಗ್ಗಕ್ಕೆ ಕೆಲಸಕ್ಕೋ ಕಾಲೇಜಿಗೋ ಹೋಗುವವರಿಗೆ ಅದು ಆಧಾರ, ಪ್ರವಾಸಿಗೆ ಪ್ರಯೋಜನವಿಲ್ಲ. 2008ರಲ್ಲಿ ಆರಂಭವಾದ ಗೋಲ್ಡನ್ ಚಾರಿಯಟ್ ಐಷಾರಾಮಿ ರೈಲು ಹಂಪಿ, ಬಾದಾಮಿಗಳನ್ನು ತೋರಿಸುತ್ತದೆ, ಬಳ್ಳಿಗಾವಿಯನ್ನು ತೋರಿಸುವುದಿಲ್ಲ.

ಯುರೋಪಿನ ಪಾಸ್‌ಗಳು

ಯುರೋಪಿನಲ್ಲಿ ಆಯ್ಕೆ ಇದರ ತದ್ವಿರುದ್ಧ: ಪಾಸ್‌ಗಳು ಹಲವು, ಗೊಂದಲವೂ ಅಷ್ಟೇ. ಯುರೋಪಿನ ಹೊರಗೆ ವಾಸಿಸುವವರಿಗಾಗಿ 1959ರಲ್ಲಿ ಯುರೇಲ್ ಪಾಸ್ ಬಂತು. ಅಲ್ಲೇ ವಾಸಿಸುವವರಿಗೆ 1972ರಲ್ಲಿ ಇಂಟರ್‌ರೇಲ್. ನೋಡುವುದು ಪಾಸ್‌ಪೋರ್ಟನ್ನಲ್ಲ, ವಾಸವನ್ನು. ಮ್ಯೂನಿಕ್‌ನಲ್ಲಿ ಕೆಲಸಕ್ಕಿರುವ ಮಗ ಇಂಟರ್‌ರೇಲ್ ಕೊಳ್ಳಬೇಕು, ಅವನನ್ನು ನೋಡಲು ಶಿಕಾರಿಪುರದಿಂದ ಹೋದ ಅಪ್ಪ ಅಮ್ಮ ಯುರೇಲ್ ಕೊಳ್ಳಬೇಕು. ಎರಡೂ ಓಡುವುದು ಅದೇ ಗಾಡಿಗಳಲ್ಲಿ.

ಯುರೇಲ್ ಗ್ಲೋಬಲ್ ಪಾಸ್ 33 ದೇಶಗಳಿಗೆ ನಡೆಯುತ್ತದೆ. ಇದರಲ್ಲಿ ಎರಡು ರೀತಿ. ಒಂದು, 15 ದಿನ, 22 ದಿನ, ಒಂದು, ಎರಡು ಅಥವಾ ಮೂರು ತಿಂಗಳು ಎಡೆಬಿಡದೆ ನಡೆಯುವುದು. ಇನ್ನೊಂದು, ಒಂದು ತಿಂಗಳೊಳಗೆ ಯಾವುದಾದರೂ 4, 5 ಅಥವಾ 7 ದಿನ, ಎರಡು ತಿಂಗಳೊಳಗೆ ಯಾವುದಾದರೂ 10 ಅಥವಾ 15 ದಿನ ನಡೆಯುವುದು. ಒಂದೊಂದು ಊರಿನಲ್ಲಿ ಎರಡು ಮೂರು ದಿನ ನಿಲ್ಲುವ ನಮ್ಮ ಕುಟುಂಬಗಳಿಗೆ ಸಾಮಾನ್ಯವಾಗಿ ಎರಡನೆಯ ರೀತಿಯೇ ಸರಿ. ಪ್ರಯಾಣದ ದಿನವೆಂದರೆ ನಡುರಾತ್ರಿಯಿಂದ ನಡುರಾತ್ರಿಯವರೆಗೆ. ಆದರೆ ರಾತ್ರಿ ಗಾಡಿಯನ್ನು ಹನ್ನೆರಡಕ್ಕೆ ಮೊದಲು ಹತ್ತಿ, ಬೆಳಿಗ್ಗೆ ಇಳಿದ ಮೇಲೆ ಬೇರೆ ಗಾಡಿ ಹತ್ತದಿದ್ದರೆ ಒಂದೇ ದಿನ ಖರ್ಚಾಗುತ್ತದೆ. 27 ವರ್ಷದವರೆಗಿನವರಿಗೂ 60 ದಾಟಿದವರಿಗೂ ದರ ಕಡಿಮೆ. ದೊಡ್ಡವರೊಬ್ಬರ ಜೊತೆ 4ರಿಂದ 11 ವರ್ಷದ ಇಬ್ಬರು ಮಕ್ಕಳಿಗೆ ಉಚಿತ ಪಾಸ್ ಸಿಗುತ್ತದೆ, ಅದನ್ನು ದೊಡ್ಡವರ ಪಾಸ್ ಜೊತೆಗೇ ಕೇಳಿ ಪಡೆಯಬೇಕು. ಇಬ್ಬರು ಮಕ್ಕಳ ಕುಟುಂಬಕ್ಕೆ ತಕ್ಕಡಿ ಪಾಸ್ ಕಡೆಗೆ ವಾಲಲು ಎಷ್ಟೋ ಬಾರಿ ಇದೊಂದೇ ಕಾರಣ ಸಾಕು.

ಪಾಸ್ ಕೊಂಡವರು ಮುಗ್ಗರಿಸುವುದು ಸೀಟಿನ ವಿಷಯದಲ್ಲಿ. ಪಾಸ್ ಇದ್ದ ಮಾತ್ರಕ್ಕೆ ಸೀಟು ಇದ್ದಂತಲ್ಲ. ಫ್ರಾನ್ಸಿನ ಟಿಜಿವಿ, ಸ್ಪೇನಿನ ಎವಿಇ, ಇಟಲಿಯ ಫ್ರೆಚ್ಚರೋಸ್ಸಾ, ಲಂಡನ್ನಿಗೆ ಹೋಗುವ ಯೂರೋಸ್ಟಾರ್‌ನಂಥ ವೇಗದ ಗಾಡಿಗಳಲ್ಲಿ ಪ್ರತ್ಯೇಕ ಶುಲ್ಕ ಕೊಟ್ಟು ಸೀಟು ಕಾಯ್ದಿರಿಸಲೇಬೇಕು. ಯೂರೋಸ್ಟಾರ್, ಟಿಜಿವಿಗಳಲ್ಲಿ ಪಾಸ್‌ದಾರರಿಗೆ ಮೀಸಲಿಟ್ಟ ಸೀಟುಗಳೂ ಮಿತ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ನೆದರ್ಲೆಂಡ್ಸ್, ಬೆಲ್ಜಿಯಂಗಳ ಹೆಚ್ಚಿನ ಒಳನಾಡ ಗಾಡಿಗಳಲ್ಲಿ ಈ ಕಟ್ಟುಪಾಡಿಲ್ಲ, ಬಂದ ಗಾಡಿ ಹತ್ತಿ ಕೂರಬಹುದು. ಹಾಗಾಗಿ ನಡು ಯುರೋಪಿನಲ್ಲಿ ಸುತ್ತುವವರಿಗೆ ಪಾಸ್‌ನ ಬೆಲೆ ಪೂರ್ತಿ ದಕ್ಕುತ್ತದೆ. ಪ್ಯಾರಿಸ್, ಬಾರ್ಸಿಲೋನಾ, ರೋಮ್ ಎಂದು ವೇಗದ ಗಾಡಿಗಳಲ್ಲೇ ಓಡುವವರಿಗೆ ಪಾಸ್‌ನ ಮೇಲೆ ಸೀಟಿನ ಹಣವೂ ಕೂಡಿ, ಎರಡು ಮೂರು ತಿಂಗಳ ಮೊದಲೇ ಕೊಂಡ ಬಿಡಿ ಟಿಕೆಟ್ಟುಗಳೇ ಅಗ್ಗವಾಗುವುದುಂಟು. ಜರ್ಮನಿ, ಆಸ್ಟ್ರಿಯಾಗಳ ರೈಲ್ವೆಗಳು ಮುಂಗಡ ಖರೀದಿಗೆ ಬಹಳ ಕಡಿಮೆ ದರ ಇಡುತ್ತವೆ, ಆದರೆ ಆ ಟಿಕೆಟ್ ನಿಗದಿಯಾದ ಗಾಡಿಗೆ ಮಾತ್ರ.

ಸ್ವಿಟ್ಜರ್ಲೆಂಡಿನ ಲೆಕ್ಕ ಬೇರೆ. ಅಲ್ಲಿನ ಸ್ವಿಸ್ ಟ್ರಾವೆಲ್ ಪಾಸ್ 3, 4, 6, 8 ಅಥವಾ 15 ದಿನಗಳಿಗೆ ರೈಲು, ಬಸ್ಸು, ಸರೋವರದ ದೋಣಿ, ಊರೊಳಗಿನ ಟ್ರಾಮ್ ಎಲ್ಲಕ್ಕೂ ನಡೆಯುತ್ತದೆ, 500ಕ್ಕೂ ಹೆಚ್ಚು ಮ್ಯೂಸಿಯಂಗಳಿಗೆ ಪ್ರವೇಶ ಕೊಡುತ್ತದೆ. ಯುರೇಲ್ ಇದ್ದವರು ಇಂಟರ್‌ಲಾಕನ್ ದಾಟಿ ಯುಂಗ್‌ಫ್ರೌ ಕಡೆ ಹತ್ತುವಾಗ ಬೇರೆ ಟಿಕೆಟ್ ಕೊಳ್ಳಬೇಕು, ರಿಯಾಯಿತಿ ಮಾತ್ರ ಸಿಗುತ್ತದೆ. ನಾಲ್ಕೈದು ದಿನ ಒಂದೇ ಊರಿನಲ್ಲಿ ನಿಂತು ಬೆಟ್ಟಗಳನ್ನೇ ಹತ್ತುವವರಿಗೆ ಎರಡೂ ಪಾಸ್‌ಗಿಂತ ಅಲ್ಲಿನ ಅರ್ಧ ದರದ ಕಾರ್ಡ್ ಹಿತ. ಜರ್ಮನಿಯೊಂದರಲ್ಲೇ ನಿಧಾನವಾಗಿ ತಿರುಗಾಡುವವರಿಗೆ ಡಾಯ್ಚ್‌ಲ್ಯಾಂಡ್ ಟಿಕೆಟ್ ಇದೆ: 2023ರ ಮೇ ತಿಂಗಳಲ್ಲಿ 49 ಯೂರೋಗೆ ಆರಂಭವಾಗಿ 2025ರಲ್ಲಿ 58 ಯೂರೋ ಆದ ಈ ತಿಂಗಳ ಟಿಕೆಟ್ ದೇಶದ ಎಲ್ಲ ಪ್ರಾದೇಶಿಕ ಗಾಡಿಗಳಿಗೆ ನಡೆಯುತ್ತದೆ, ವೇಗದ ಐಸಿಇಗೆ ನಡೆಯುವುದಿಲ್ಲ. ಲಕ್ಸೆಂಬರ್ಗ್‌ನಲ್ಲಿ 2020ರ ಮಾರ್ಚ್‌ನಿಂದ ರೈಲಿನ ಎರಡನೆಯ ದರ್ಜೆಯೂ ಬಸ್ಸೂ ಟ್ರಾಮೂ ಎಲ್ಲರಿಗೂ ಉಚಿತ. ಇನ್ನೊಂದು ಮಾತು: ಪಾಸ್ ಬ್ರಿಟನ್ನಿನಲ್ಲೂ ನಡೆಯುತ್ತದೆಂದು ನೋಡಿ ಲಂಡನ್ ಸೇರಿಸಿಕೊಳ್ಳುವವರು ಷೆಂಗೆನ್ ವೀಸಾ ಅಲ್ಲಿಗೆ ಸಲ್ಲುವುದಿಲ್ಲ ಎಂಬುದನ್ನು ಪಾಸ್ ಕೊಳ್ಳುವ ಮೊದಲೇ ನೆನೆಯಬೇಕು.

ಹಳಿ ಮುಗಿದ ಮೇಲೆ

ಸಾಗರದಲ್ಲೋ ಹಾವೇರಿಯಲ್ಲೋ ಇಳಿದ ಪ್ರವಾಸಿಯನ್ನು ಮುಂದಕ್ಕೆ ಒಯ್ಯುವುದು ಬಸ್ಸು. ಅಲ್ಲಿ ಕರ್ನಾಟಕದ ಹೆಂಗಸರ ಕೈಯಲ್ಲಿ ಯುರೋಪಿನ ಯಾವ ಪಾಸ್‌ಗೂ ಕಡಿಮೆಯಿಲ್ಲದ ಸೌಲಭ್ಯವಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ನಿವಾಸಿ ಮಹಿಳೆಯರು ಸರ್ಕಾರಿ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆದು ಪ್ರಯಾಣಿಸುತ್ತಾರೆ. ದಿನದ ಮಿತಿ ಇಲ್ಲ, ದೂರದ ಮಿತಿ ಇಲ್ಲ. ಐಷಾರಾಮಿ ಬಸ್ಸುಗಳಿಗೂ ಹೊರರಾಜ್ಯದ ಪ್ರಯಾಣಕ್ಕೂ ಅನ್ವಯವಿಲ್ಲ. ಮಲೆನಾಡಿನ ಈ ಭಾಗದಲ್ಲಿ ಖಾಸಗಿ ಬಸ್ಸುಗಳೂ ಓಡುತ್ತವೆ, ಅವುಗಳಲ್ಲಿ ಯೋಜನೆ ನಡೆಯುವುದಿಲ್ಲ. ಹತ್ತುವ ಮೊದಲು ಬಸ್ಸಿನ ಬಣ್ಣ, ಬೋರ್ಡು ನೋಡಿಕೊಂಡರೆ ಮಾತಿಗೆ ಮಾತು ಬೆಳೆಯುವುದು ತಪ್ಪುತ್ತದೆ. ಶಿರಾಳಕೊಪ್ಪದ ಬಸ್‌ಸ್ಟ್ಯಾಂಡ್ ಈ ಸೀಮೆಯ ಕೂಡುದಾರಿ. ಶಿಕಾರಿಪುರ, ಸೊರಬ, ಆನವಟ್ಟಿ, ಹಿರೇಕೆರೂರುಗಳ ಬಸ್ಸುಗಳೆಲ್ಲ ಅಲ್ಲಿ ಸಿಗುತ್ತವೆ, ಬಳ್ಳಿಗಾವಿ ಅಲ್ಲಿಂದ ಎರಡು ಮೂರು ಕಿಲೋಮೀಟರು, ಆಟೋ ಸಾಕು. ಬಂದಳಿಕೆ, ಗುಡವಿಗಳಂಥ ಒಳಗಿನ ಜಾಗಗಳಿಗೆ ಬಸ್ಸು ಕಾಯುತ್ತ ಕೂತರೆ ದಿನ ಹೋಗುತ್ತದೆ. ಒಂದು ದಿನಕ್ಕೆ ಕಾರು ಗೊತ್ತು ಮಾಡಿಕೊಳ್ಳುವುದೇ ಸರಿ. ತಂಗಲು ಶಿಕಾರಿಪುರ ಅಥವಾ ಸಾಗರ ಅನುಕೂಲ.

ಸಮಯ ಕಡಿಮೆ ಇದ್ದವರಿಗೆ ಶಿವಮೊಗ್ಗದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ಹೆಸರಿನ ವಿಮಾನ ನಿಲ್ದಾಣವಿದೆ. 2023ರ ಫೆಬ್ರವರಿ 27ರಂದು ಅದರ ಉದ್ಘಾಟನೆಯಾದ ದಿನವೇ ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ರೈಲು ಮಾರ್ಗಕ್ಕೂ ಶಂಕುಸ್ಥಾಪನೆಯಾಯಿತು. ಸುಮಾರು 103 ಕಿ.ಮೀ. ಉದ್ದದ, 990 ಕೋಟಿ ರೂಪಾಯಿ ಅಂದಾಜಿನ ಈ ಮಾರ್ಗ ಮುಗಿದಾಗ ಇಲ್ಲಿ ಹೇಳಿದ ಲೆಕ್ಕವನ್ನು ಪೂರ್ತಿ ಬದಲಿಸುತ್ತದೆ. ಬೀರೂರಿನಿಂದ ಕವಲೊಡೆದ ಎರಡು ಹಳಿಗಳು ರಾಣೆಬೆನ್ನೂರಿನಲ್ಲಿ ಮತ್ತೆ ಕೂಡುವುದರಿಂದ ಬೀರೂರು, ಶಿವಮೊಗ್ಗ, ಶಿಕಾರಿಪುರ, ರಾಣೆಬೆನ್ನೂರು, ಹರಿಹರ, ಬೀರೂರು ಎಂಬ ಒಂದು ಚಿಕ್ಕ ಸುತ್ತು ಹುಟ್ಟುತ್ತದೆ. ಚಕ್ರಾಕಾರದ ಟಿಕೆಟ್ಟಿನ ಪಟ್ಟಿಯಲ್ಲಿ ಆಗ ಶಿಕಾರಿಪುರವನ್ನೂ ಬರೆಯಬಹುದು. ಹುಬ್ಬಳ್ಳಿ ಕಡೆಯವರಿಗೆ ಶಿವಮೊಗ್ಗ ಮುಟ್ಟಲು ಬೀರೂರಿನವರೆಗೆ ಇಳಿದು ಮೇಲೆ ಬರುವ ಸುತ್ತುದಾರಿ ತಪ್ಪುತ್ತದೆ. ಬಳ್ಳಿಗಾವಿಗೆ ಹತ್ತಿರದ ನಿಲ್ದಾಣ ಶಿಕಾರಿಪುರವಾಗುತ್ತದೆ. ಅಲ್ಲಿಂದ ಶಿರಾಳಕೊಪ್ಪದ ಬಸ್ಸಿಗೆ ಅರ್ಧ, ಮುಕ್ಕಾಲು ಗಂಟೆಯ ದಾರಿ.